ಔರಾದಿನ ಎಡಗಾಲು

ಬೆಂಗಳೂರಿನಿಂದ ಬೀದರಿಗೆ ಹೊರಟಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ರೆಫ್ರಿಯ ಸೀಟಿ, ಕಚೇರಿಯ ಕ್ಯಾಮೆರಾ ಮತ್ತು ಹಿಲಾರಿಯೊ ಇದ್ದ. ಇದ್ದ ಅಂದರೆ ಅವನ ಫೋಟೊ ಇತ್ತು. ಹಿಲಾರಿಯೊ ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಫುಟ್‌ಬಾಲ್ ಆಟಗಾರ, ಸೆಂಟರ್ ಹಾಫ್. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಹಂಚುವ, ಮೈದಾನದ ನಟ್ಟನಡುವಿನ ಮನುಷ್ಯ. ಬೆಂಗಳೂರಿನಲ್ಲಿ ಅವನ ಹೆಸರು ಕೇಳಿದವರನ್ನು ದೀಪ ಹಿಡಿದು ಹುಡುಕಬೇಕು. ಬೀದರಿನಲ್ಲಿ ಮಾತ್ರ ಅವನ ಚಿತ್ರವಿಲ್ಲದ ಚಹಾದ ಅಂಗಡಿಯೇ ಇಲ್ಲವೆಂದು ಕೇಳಿದ್ದೆ. ಅದೇನು ಸಂಗತಿ, ಕಣ್ಣಾರೆ ನೋಡಿ ಬರೋಣವೆಂದು ಹೊರಟೆ.

ಕರೆದವರು ಬೀದರಿನ ವಕೀಲ ಬಸವಂತರಾಯರು, ಅಲ್ಲಿನ ಫುಟ್‌ಬಾಲ್ ಸಮಿತಿಯ ಹಿರಿಯರು. ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗುತ್ತ ಬಂತು, ನಿಮ್ಮ ಪತ್ರಿಕೆಯೇ ಈಗ ನಮ್ಮ ಪತ್ರಿಕೆ, ಆದರೂ ಹಿಲಾರಿಯೊನ ಒಂದು ಫೋಟೊ ಹಾಕಲು ನಿಮಗೆ ಜಾಗ ಸಿಗಲಿಲ್ಲವೇ ಎಂದು ಬರೆದಿದ್ದರು. ಉರ್ದು ಪತ್ರಿಕೆಯವರು ಹಾಕಿದರು, ಮರಾಠಿಯವರು ಹಾಕಿದರು, ನೀವು ಮಾತ್ರ ಹಾಕಲಿಲ್ಲ. ಅಸಲು ಫೋಟೊ ನಿಮ್ಮಲ್ಲಿದ್ದರೆ ತೆಗೆದುಕೊಂಡು ಬನ್ನಿ, ಬಂದವರು ನಮ್ಮ ಒಂದು ಪಂದ್ಯಕ್ಕೆ ರೆಫ್ರಿಯಾಗಿಯೂ ನಿಲ್ಲಿ ಎಂದಿದ್ದರು. ನಾನು ಪತ್ರಿಕೆಯ ಆಟದ ಪುಟ ನೋಡಿಕೊಳ್ಳುವವನು. ರೆಫ್ರಿಯ ಕೆಲಸವೂ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಫೋಟೊ ನಮ್ಮ ಕಪಾಟಿನಲ್ಲಿ ಕ್ರಿಕೆಟ್ಟಿನವರ ಮತ್ತು ರೇಸ್ ಕುದುರೆಗಳ ಅಡಿಯಲ್ಲಿ ಸಿಕ್ಕಿತು. ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡೆ.

ರಾತ್ರಿ ಮೂರನೇ ದರ್ಜೆಯಲ್ಲಿ ಸಣ್ಣ ಹಳಿಯ ಗಾಡಿ, ಬೆಳಿಗ್ಗೆ ಗುಂತಕಲ್ಲಿನಲ್ಲಿ ತಣ್ಣನೆಯ ಇಡ್ಲಿ, ಅಲ್ಲಿಂದ ದೊಡ್ಡ ಹಳಿಯ ಗಾಡಿ. ರಾಯಚೂರು ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ವಾಡಿಯಲ್ಲಿ ಕಾದು, ವಿಕಾರಾಬಾದಿನಲ್ಲಿ ಮತ್ತೆ ಗಾಡಿ ಬದಲಾಯಿಸಿದೆ. ನಮ್ಮದೇ ರಾಜ್ಯದ ಊರಿಗೆ ಹೋಗಲು ನೆರೆಯ ರಾಜ್ಯದ ನೆಲದ ಮೇಲೆ ಹಾದುಹೋಗಬೇಕು. ಎದುರು ಕುಳಿತಿದ್ದ ಹಿರಿಯರೊಬ್ಬರು ನಾನು ಬೆಂಗಳೂರಿನವನೆಂದು ತಿಳಿದು ನಕ್ಕರು. “ಓಹೋ, ನಮ್ಮ ರಾಜಧಾನಿಯವ್ರು! ರಾಜಧಾನಿ ಜರಾ ದೂರ ಆಯ್ತ್ ನೋಡ್ರಿ. ಹೈದರಾಬಾದ್ ಇದ್ದಾಗ ಮುಂಜಾನಿ ಹೋಗಿ ರಾತ್ರಿ ಮನಿಗಿ ಬಂದು ಉಣ್ತಿದ್ವಿ” ಎಂದರು. ಹಾಗೆಂದು ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಗಂಟು ಬಿಚ್ಚಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಊಟದ ವಿಷಯದಲ್ಲಿ ಸಂಕೋಚಪಟ್ಟು ನನಗೆ ಅಭ್ಯಾಸವಿಲ್ಲ.

ಬೀದರ್ ನಿಲ್ದಾಣದಲ್ಲಿ ಇಳಿದಾಗ ಸಂಜೆಯ ಚಳಿ ಕಿವಿ ಹಿಂಡುತ್ತಿತ್ತು. ಬಸವಂತರಾಯರು ಕರಿ ಕೋಟು, ತಲೆಗೆ ಮಫ್ಲರ್ ಸುತ್ತಿಕೊಂಡು ಟಾಂಗಾದೊಂದಿಗೆ ಕಾಯುತ್ತಿದ್ದರು. ನಮಸ್ಕಾರ ಮುಗಿಯುವ ಮೊದಲೇ “ತಂದೀರೇನ್ರಿ?” ಎಂದು ಕೇಳಿದರು. ಚೀಲ ತಟ್ಟಿ ತೋರಿಸಿದೆ. “ಇಲ್ಲಿ ತೆಗಿಬ್ಯಾಡ್ರಿ, ಟಾಂಗಾದವ ಭಾಲ್ಕಿಯವ ಅದಾನ” ಎಂದು ಮೆಲ್ಲಗೆ ಹೇಳಿದರು. ವಕೀಲರ ಹೆದರಿಕೆ ಕಂಡು ನನಗೆ ನಗು ಬಂತು.

ಊಟಕ್ಕೆ ಕುಳಿತಾಗ ಎಲ್ಲವನ್ನೂ ಬಿಡಿಸಿ ಹೇಳಿದರು. ಹಿಲಾರಿಯೊ ಇಲ್ಲಿ ಇಷ್ಟೊಂದು ಜನರಿಗೆ ಬೇಕಾದದ್ದು ಹೇಗೆ ಎಂದು ಮೊದಲು ಕೇಳಿದ್ದೆ.

“ನಮ್ಮ ಮಂದಿ ಮೆಚ್ಚಿದ ಆಟಗಾರರೆಲ್ಲ ಹೈದರಾಬಾದಿನವ್ರು ಇದ್ರು ನೋಡ್ರಿ. ರಾಜ್ಯ ಹಂಚಿದ್ರು. ಆಟಗಾರರು ಆ ಕಡಿ ಉಳದ್ರು, ನಾವು ಈ ಕಡಿ ಬಂದ್ವಿ. ಬೆಂಗಳೂರಿನವ್ರು ಯಾರು, ಹ್ಯಾಂಗ ಆಡ್ತಾರ, ಇನ್ನಾ ಗೊತ್ತಿಲ್ಲ. ಅಂತಾದ್ರಾಗ ಅಖಬಾರದಾಗ ಇವ ಸಿಕ್ಕಾ. ಇವನ್ನ ಯಾವ ರಾಜ್ಯಕ್ಕ ಹಂಚ್ಲಾಕೂ ಬರಂಗಿಲ್ರಿ. ಅದಕ್ಕೇ ಎಲ್ಲಾರೂ ಇವನ್ನ ನಮ್ಮವ ಅಂದ್ರು.”

ಮೊದಮೊದಲು ಎವರೆಸ್ಟ್ ಹತ್ತಿದವನ ತಮ್ಮನೇ ಈ ಹಿಲಾರಿಯೊ ಎಂದು ತಿಳಿದವರೂ ಇದ್ದರಂತೆ. ಈಗ ಮನೆಮಾತಾಗಿ ಹೀರಾಲಾಲ್ ಎಂದೇ ಕರೆಯುತ್ತಾರೆ.

ತೊಂದರೆ ಬಂದದ್ದು ಫೋಟೊದಿಂದ. ಅವನ ಆಟವನ್ನು ಇಲ್ಲಿ ಯಾರೂ ಕಂಡಿಲ್ಲ. ಚೆಂಡು ಒದೆಯುವ ಒಂದೇ ಒಂದು ಫೋಟೊ ನೋಡಿದ್ದಾರೆ. ಜಿಲ್ಲೆಯಲ್ಲಿ ಎರಡು ಊರು, ಔರಾದ್ ಮತ್ತು ಭಾಲ್ಕಿ. ಔರಾದಿಗೆ ಬರುವ ಉರ್ದು ಪತ್ರಿಕೆಯಲ್ಲಿ ಅವನು ಎಡಗಾಲಿನಿಂದ ಒದೆಯುತ್ತಾನೆ. ಭಾಲ್ಕಿಗೆ ರೈಲಿನಲ್ಲಿ ಬರುವ ಮರಾಠಿ ಪತ್ರಿಕೆಯಲ್ಲಿ ಬಲಗಾಲಿನಿಂದ. ಎರಡೂ ಅದೇ ಫೋಟೊ. ಒಂದರಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ. ಯಾವುದು ತಿರುಗಿದ್ದು ಎಂಬುದೇ ಜಗಳ. ಔರಾದಿನ ಸೆಂಟರ್ ಹಾಫ್ ಪುಂಡಲೀಕ ಎಂಬ ಶಾಲೆಯ ಮಾಸ್ತರ. ಹುಟ್ಟಿನಿಂದ ಬಲಗಾಲಿನವನು, ಆ ಫೋಟೊ ನೋಡಿ ಎಡಗಾಲು ರೂಢಿಸಿಕೊಂಡ. ಭಾಲ್ಕಿಯ ಸೆಂಟರ್ ಹಾಫ್ ಮನೋಹರ, ದನದ ದವಾಖಾನೆಯ ಕಂಪೌಂಡರ್, ಬಲಗಾಲಿನವನು. ಜಿಲ್ಲೆಯ ತಂಡ ಈ ಸಲ ಮೊದಲ ಬಾರಿಗೆ ಬೆಂಗಳೂರಿಗೆ ಆಡಲು ಹೋಗಲಿದೆ. ಸೆಂಟರ್ ಹಾಫ್ ಒಬ್ಬನೇ ಬೇಕು. ಬೇರೆ ಜಾಗದಲ್ಲಿ ನಿಲ್ಲಲು ಇಬ್ಬರ ಊರಿನವರೂ ಬಿಡುವುದಿಲ್ಲ, ಹಿಲಾರಿಯೊ ನಿಲ್ಲುವ ಜಾಗವೇ ಬೇಕು. ಎರಡು ಸಲ ಪಂದ್ಯ ಇಟ್ಟರು, ಎರಡು ಸಲವೂ ಸಮ.

“ಕೊನಿಗಿ ಎರಡೂ ಊರಿನವ್ರು ನನ್ನ ಮುಂದ ಆಣಿ ಮಾಡ್ಯಾರ್ರಿ. ಅಸಲಿ ಫೋಟುದಾಗ ಯಾವ ಕಾಲು ಅದನೋ, ಆ ಕಾಲಿನವನೇ ಬೆಂಗಳೂರಿಗಿ ಹೋಗ್ಬೇಕಂತ. ಸುಳ್ಳ ಕಾಲಿನವನ್ನ ಕಳಿಸಿದ್ರ ಬೆಂಗಳೂರಾಗ ನಗ್ತಾರಂತ” ಎಂದರು ಬಸವಂತರಾಯರು.

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಅಸಲು ಫೋಟೊ ನಾನು ನೋಡಿದ್ದೆ. ಹಿಂಬದಿಯಲ್ಲಿ ಕಳುಹಿಸಿದ ಸಂಸ್ಥೆಯ ಮುದ್ರೆ, ಮುಂದೆ ಬಲಗಾಲೆತ್ತಿದ ಹಿಲಾರಿಯೊ. ಅನುಮಾನಕ್ಕೆ ಎಡೆಯೇ ಇಲ್ಲ. ನಾನು ಆ ಪುಂಡಲೀಕನ ಮುಖವನ್ನೂ ಕಂಡಿರಲಿಲ್ಲ, ಅವನ ಬೆಂಗಳೂರಿನ ದಾರಿ ಮುಚ್ಚುವ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಬಂದುಬಿಟ್ಟಿದ್ದೆ. ನನಗೆ ಕೆಡುಕೆನಿಸಿತು. ಆದರೂ ರೆಫ್ರಿಗೆ ಒಂದು ಅಧಿಕಾರವಿದೆಯಲ್ಲ, ಅದನ್ನು ಬಳಸಿದೆ. “ಮೊದಲು ಪಂದ್ಯ, ಫೋಟೊ ಆಮೇಲೆ. ಅಲ್ಲಿಯವರೆಗೆ ನಿಮಗೂ ತೋರಿಸುವುದಿಲ್ಲ” ಎಂದೆ. ವಕೀಲರು ಒಂದು ಗಳಿಗೆ ಯೋಚಿಸಿ ಒಪ್ಪಿದರು. ಎಳ್ಳಮಾವಾಸ್ಯೆಯ ಮಾರನೆಯ ದಿನ ಬೀದರಿನಲ್ಲಿ ಪಂದ್ಯ ಎಂದು ನಿಶ್ಚಯವಾಯಿತು. ಅಷ್ಟರೊಳಗೆ ಎರಡೂ ಊರು ನೋಡಿ ಬರುತ್ತೇನೆಂದು ಹೇಳಿದೆ.

ಬೆಳಿಗ್ಗೆ ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಕ್ಷೌರಕ್ಕೆ ಕುಳಿತೆ. ಅಂಗಡಿಯವನು ಎರಡೂ ಪತ್ರಿಕೆಯ ಚಿತ್ರಗಳನ್ನು ಕಟ್ಟು ಹಾಕಿಸಿ ಹಿಂದಿನ ಗೋಡೆಗೆ ತೂಗುಹಾಕಿದ್ದ. ಕುರ್ಚಿಯಲ್ಲಿ ಕುಳಿತು ಕನ್ನಡಿ ನೋಡಿದರೆ ಔರಾದಿನವನು ಬಲಗಾಲಿನವನಾಗುತ್ತಿದ್ದ, ಭಾಲ್ಕಿಯವನು ಎಡಗಾಲಿನವನು. “ನಮ್ಮಲ್ಲಿ ಜಗಳಿಲ್ರಿ. ಕುರ್ಚಿಗಿ ಕುಂತ್ರ ಒಬ್ರು ಗೆಲ್ತಾರ, ಎದ್ದು ನಿಂತ್ರ ಇನ್ನೊಬ್ರು” ಎಂದ ಅವನು ಕತ್ತರಿ ಆಡಿಸುತ್ತ. ಈ ಗಲ್ಲಿಯಲ್ಲಿ ವ್ಯಾಪಾರ ಬಲ್ಲವನು ಅವನೊಬ್ಬನೇ ಎಂದುಕೊಂಡೆ.

ಭಾಲ್ಕಿಗೆ ರೈಲಿನಲ್ಲಿ ಗಂಟೆ, ಗಂಟೆಕಾಲು ಹಿಡಿಯಿತು. ನಿಲ್ದಾಣದ ಹೊರಗಿನ ಹೋಟೆಲಿನಲ್ಲಿ ಸೂಸಲಾ ಎಂಬ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದೆ. ಮೇಜಿನ ಈ ಬದಿ ಕನ್ನಡ, ಆ ಬದಿ ಮರಾಠಿ, ಹೀರಾಲಾಲ್ ಎಂಬ ಹೆಸರು ಮಾತ್ರ ಎರಡೂ ಬದಿಗೆ ಒಂದೇ. ಬಲಗಾಲೆತ್ತಿದ ಹಿಲಾರಿಯೊ ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿಯ ಹೊಗೆಯಲ್ಲಿ ನಿಂತಿದ್ದ. ಖಟಕ ಚಿಂಚೋಳಿಯಿಂದ ಬಸ್ಸಿಗೆ ಬಂದಿದ್ದ ಇಬ್ಬರು ರೈತರು ನಾನು ಯಾರೆಂದು ಗೊತ್ತಾದದ್ದೇ ಚಹಾದ ಕಪ್ಪು ಕೆಳಗಿಟ್ಟು ನನ್ನ ಚೀಲವನ್ನೇ ನೋಡತೊಡಗಿದರು. ಚೀಲ ತೊಡೆಯ ಮೇಲೆ ಎತ್ತಿಟ್ಟುಕೊಂಡೆ.

ಮನೋಹರ ದನದ ದವಾಖಾನೆಯಲ್ಲೇ ಸಿಕ್ಕ. ಎತ್ತರದ ಆಳು, ಅವಸರವಿಲ್ಲದ ಮಾತು. ಒಂದು ಎಮ್ಮೆಯ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಲ್ಲಿ ಔಷಧ ಹೊಯ್ಯುತ್ತಿದ್ದ. ಹಿಲಾರಿಯೊನಲ್ಲಿ ಅವನಿಗೆ ಹಿಡಿಸಿದ್ದೇನು ಎಂದು ಕೇಳಿದೆ.

“ಒದಿಯಾಗ ಅವನ ಮಾರಿ ನೋಡ್ರಿ, ಸಾಹೇಬ್ರ. ಸುತ್ತ ನಾಕ್ ಮಂದಿ ಮೈಮ್ಯಾಲ ಬರ್ಲಿಕತ್ಯಾರ, ಅವ ಮನ್ಯಾಗ ಚಾ ಕುಡ್ಯಾಂವನಂಗ ಅದಾನ. ನನಗ ಅದು ಬೇಕಾಗ್ಯದ. ಎಮ್ಮಿಗಿ ಔಷಧ ಹಾಕಾಗೂ ಅದೇ ಬೇಕಾಗ್ತದ್ರಿ” ಎಂದ.

“ಪುಂಡಲೀಕ ಹೇಗೆ ಆಡುತ್ತಾರೆ?”

ಎಮ್ಮೆಯ ಗಂಟಲು ಸವರಿ ಔಷಧ ಒಳಗಿಳಿಸಿದ. “ಛಲೋ ಆಡ್ತಾರ್ರಿ. ಹ್ಯಾಂಗ ಹೇಳ್ಲಿ... ನಾ ಅವ್ರ ಮುಂದ ನಿಂತಾಗ, ಚೆಂಡು ಎಲ್ಲಿ ಹೋಗ್ತದ ಅಂತ ಅವ್ರಿಗಿ ಮೊದ್ಲೇ ಗೊತ್ತಿರ್ತದ, ನನಗ ಆಮ್ಯಾಲ ಗೊತ್ತಾಗ್ತದ.” ಎದುರಾಳಿಯನ್ನು ಇಷ್ಟು ನೆಟ್ಟಗೆ ಹೊಗಳಿದವರನ್ನು ನಾನು ಬೆಂಗಳೂರಿನ ಮೈದಾನಗಳಲ್ಲಿ ಕಂಡಿಲ್ಲ. ಈತನ ಬಗ್ಗೆ ಆಗಲೇ ನನಗೆ ಗೌರವ ಹುಟ್ಟಿತು.

ಮರುದಿನ ಬೀದರಿಗೆ ಮರಳಿ, ಮಧ್ಯಾಹ್ನದ ಬಸ್ಸಿನಲ್ಲಿ ಔರಾದಿಗೆ ಹೊರಟೆ. ಕಂಡಕ್ಟರ್ ಆಣೆಯ ಲೆಕ್ಕದಲ್ಲಿ ಕೇಳಿ ನಯಾಪೈಸೆಯಲ್ಲಿ ಚಿಲ್ಲರೆ ಕೊಟ್ಟ, ಒಳಗಿದ್ದವರೆಲ್ಲ ಸೇರಿ ಲೆಕ್ಕ ಸರಿಯೆಂದು ತೀರ್ಮಾನಿಸಿದರು. ಬೀದರಿನ ಕೆಂಪು ಕಲ್ಲುನೆಲ ಮುಗಿದು, ಮಾಂಜ್ರಾ ನದಿ ದಾಟಿದ ಮೇಲೆ ಮಣ್ಣು ಕಪ್ಪಗಾಯಿತು. ಜೋಳ, ತೊಗರಿ, ನಡುನಡುವೆ ಕುಸುಬೆ. ಇಪ್ಪತ್ತೈದು ಮೈಲಿ ಮೀರದ ದಾರಿಗೆ ಬಸ್ಸು ಮೂರು ಕಡೆ ನೀರು ಕುಡಿಯಿತು.

ಔರಾದಿನ ಬಸ್ ನಿಲ್ದಾಣಕ್ಕೆ ತಂಡವೇ ಬಂದಿತ್ತು, ನನ್ನನ್ನು ಎದುರುಗೊಳ್ಳಲು ಆಟದ ಅಂಗಿ ತೊಟ್ಟು ಸಾಲಾಗಿ ನಿಂತಿತ್ತು. ಹಸಿರು ಬಣ್ಣದ, ಅಚ್ಚುಕಟ್ಟಾಗಿ ಹೊಲಿದ ಅಂಗಿಗಳು. ಏನೋ ಸರಿಯಿಲ್ಲ ಅನಿಸಿತು, ಆದರೆ ಏನೆಂದು ತಕ್ಷಣ ತಿಳಿಯಲಿಲ್ಲ. ಆಮೇಲೆ ಕಂಡಿತು. ಹನ್ನೊಂದು ಅಂಗಿಗಳಲ್ಲೂ ಜೇಬು ಎದೆಯ ಬಲಗಡೆ ಇತ್ತು.

ಇಂಥದ್ದು ಎಲ್ಲಿ ನಡೆದೀತು ಹೇಳಿ! ಹಿಲಾರಿಯೊನ ಅಂಗಿಯಲ್ಲಿ ಎದೆಯ ಎಡಗಡೆ ಅವನ ತಂಡದ ಬಿಲ್ಲೆ ಇದೆ. ಉರ್ದು ಪತ್ರಿಕೆಯ ಪುಟ ಬಲದಿಂದ ಶುರುವಾಗುತ್ತದೆ. ಫೋಟೊದ ಮನುಷ್ಯ ಪುಟದ ಹೊರಗೆ ನೋಡಬಾರದು, ಒಳಗೆ ನೋಡಬೇಕು ಎಂದು ಬ್ಲಾಕ್, ಅಂದರೆ ಚಿತ್ರದ ಅಚ್ಚು, ಮಾಡುವವನು ಚಿತ್ರ ತಿರುಗಿಸಿಬಿಟ್ಟಿದ್ದ. ನಮ್ಮ ಅಚ್ಚುಕೂಟದವರೂ ಹಾಗೆ ಮಾಡುವುದುಂಟು. ಕಾಲು ಎಡಕ್ಕೆ ಬಂತು, ಬಿಲ್ಲೆ ಬಲಕ್ಕೆ ಹೋಯಿತು. ಔರಾದಿನ ದರ್ಜಿ ಆ ಬಿಲ್ಲೆಯನ್ನು ಜೇಬೆಂದು ತಿಳಿದು, ಪತ್ರಿಕೆಯನ್ನು ಹೊಲಿಗೆ ಯಂತ್ರದ ಮುಂದೆ ಅಂಟಿಸಿಕೊಂಡು, ಕಂಡದ್ದು ಕಂಡ ಹಾಗೆ ಹೊಲಿದಿದ್ದ. ಅಭಿಮಾನವೆಂದರೆ ಹೀಗಿರಬೇಕು. ನಗು ತಡೆಯಲು ನಾನು ಕೆಮ್ಮಿದೆ, ಅವರು ಪಾಪ ನನಗೆ ನೀರು ತರಿಸಿದರು.

ನೀರು ಕೊಟ್ಟವನೇ ಪುಂಡಲೀಕ. ಇಪ್ಪತ್ತೈದರ ಆಸುಪಾಸಿನ, ತೆಳ್ಳನೆಯ, ಹೊಳೆಯುವ ಕಣ್ಣಿನ ಮಾಸ್ತರ. ಊರು ಚಿಂತಾಕಿ, ಕೆಲಸ ಔರಾದಿನ ಶಾಲೆಯಲ್ಲಿ. ಅಂದು ಸಂಜೆ ಶಾಲೆಯ ಬಯಲಿನಲ್ಲಿ ಅವನ ಆಟ ನೋಡಿದೆ. ಎಡಗಾಲು ಚೆಂಡನ್ನು ಒದೆಯುತ್ತಿರಲಿಲ್ಲ, ಇಂಥಲ್ಲಿಗೆ ಹೋಗು ಎಂದು ಕಳುಹಿಸುತ್ತಿತ್ತು. ಇಷ್ಟು ವರ್ಷ ಆಟ ನೋಡಿದವನು ನಾನು, ಸುಳ್ಳು ಹೊಗಳಿಕೆ ನನ್ನಿಂದ ಆಗದು. ಅಂಥ ಎಡಗಾಲನ್ನು ನಮ್ಮ ರಾಜ್ಯದಲ್ಲಿ ನಾನು ಬೇರೆಲ್ಲೂ ಕಂಡಿರಲಿಲ್ಲ. ಅದನ್ನು ನೋಡಿದಷ್ಟೂ ಚೀಲದಲ್ಲಿದ್ದ ಫೋಟೊ ನನಗೆ ಭಾರವಾಯಿತು.

ಮಾರನೆಯ ದಿನ ಎಳ್ಳಮಾವಾಸ್ಯೆ. ಆ ದಿನ ಇಲ್ಲಿನ ಊರುಗಳಲ್ಲಿ ಮನೆಯೊಳಗೆ ಯಾರೂ ಸಿಗುವುದಿಲ್ಲ, ಎಲ್ಲರೂ ಹೊಲದಲ್ಲಿ. ತಂಡದ ಕ್ಯಾಪ್ಟನ್ ಕಾಶೀನಾಥನ ಹೊಲ ಎಕಂಬಾದಲ್ಲಿ. ಎತ್ತಿನ ಗಾಡಿಯಲ್ಲಿ ನನ್ನನ್ನೂ ಕರೆದೊಯ್ದರು. ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಕೊಂಪೆ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪಾಂಡವರು. ಪಕ್ಕದಲ್ಲಿ, ಯಾರು ಇಟ್ಟರೋ, ಉರ್ದು ಪತ್ರಿಕೆಯ ಹಿಲಾರಿಯೊ. ಕಾಶೀನಾಥನ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿ ಐದು ಕಲ್ಲಿಗೂ ಎಡೆ ಇಟ್ಟು, ಆರನೆಯದಾಗಿ ಒಂದು ತುಣುಕು ಸಜ್ಜೆ ರೊಟ್ಟಿ, ಒಂದಿಷ್ಟು ಭಜ್ಜಿ ಹಿಲಾರಿಯೊನ ಮುಂದೆಯೂ ಇಟ್ಟರು.

“ಆಯಿ, ಅವ ದೇವ್ರಲ್ಲ, ಚೆಂಡಾಡಾಂವ” ಎಂದ ಕಾಶೀನಾಥ.

“ನಾ ಏನ್ ದೇವ್ರಂದೆನು? ಅಷ್ಟ್ ದೂರಿಂದ ಬಂದಾನ. ಹೊಲಕ್ಕ ಬಂದವನ್ನ ಉಪಾಸ ಕಳಸ್ಲೇನು?” ಎಂದರು ಆಯಿ.

ಕಾಶೀನಾಥ ಹೊಲದ ಸುತ್ತ ಚರಗ, ಅಂದರೆ ಭೂಮಿಗೆ ಸಲ್ಲುವ ಎಡೆಯ ಪಾಲು, ಚೆಲ್ಲಿ ಬಂದ ಮೇಲೆ ಊಟಕ್ಕೆ ಸಾಲು ಕೂತೆವು. ತೊಗರಿ, ಅವರೆ, ಹಸಿ ಕಡಲೆ, ಹತ್ತಾರು ಸೊಪ್ಪು ಹಾಕಿ ಕುದಿಸಿದ ಭಜ್ಜಿ ಅದು, ನಾವು ತಿಳಿದಿರುವ ಎಣ್ಣೆಯ ಬಜ್ಜಿಯಲ್ಲ. ಜೊತೆಗೆ ಮಡಕೆಯ ಅಂಬಲಿ. ನಾನು ಮೂರು ಸಲ ಹಾಕಿಸಿಕೊಂಡೆ. ಪುಂಡಲೀಕ ಪೂಜೆ ಮುಗಿಯುವವರೆಗೆ ದೂರ ಬದುವಿನ ಮೇಲೆ ಕೂತಿದ್ದು, ಊಟಕ್ಕೆ ಬಂದು ನನ್ನ ಪಕ್ಕ ಕುಳಿತ. ಅವರ ಮನೆಯವರು ಇತ್ತೀಚೆಗೆ ಬೌದ್ಧರಾಗಿದ್ದಾರೆ. “ಪೂಜಿ ಬಿಟ್ಟೀವ್ರಿ, ಭಜ್ಜಿ ಬಿಟ್ಟಿಲ್ಲ” ಎಂದು ನಕ್ಕ. ಆಯಿ ಅವನ ತಟ್ಟೆಗೆ ನನಗಿಂತ ಹೆಚ್ಚು ಹಾಕಿದರು. ನಾನು ಅದನ್ನು ಗಮನಿಸದೆ ಬಿಡಲಿಲ್ಲ.

ಊಟದ ನಂತರ ನಾವಿಬ್ಬರೂ ಬದುವಿನ ಮೇಲೆ ನಡೆದೆವು. ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನೇ ಅವನಿಗೂ ಕೇಳಿದೆ: ಹಿಲಾರಿಯೊ ಯಾಕೆ?

“ಅವರಪ್ಪ ಬಂದರದಾಗ ತೊಗಲಿನ ಮೂಟಿ ಹೊರ್ತಿದ್ದಂತ್ರಿ. ಅಖಬಾರದಾಗ ಬರ್ದಿತ್ತು. ನಮ್ಮಪ್ಪನೂ ತೊಗಲಿನ ಕೆಲಸದಾವ್ರೇ. ಆದ್ರ ಅದಷ್ಟೇ ಅಲ್ರಿ. ಅವ ನಡುವ ನಿಂದರ್ತಾನ. ಹಿಂದಿನವ್ರು ಚೆಂಡು ಅವಂಗ ಕೊಡ್ಬೇಕು, ಮುಂದಿನವ್ರು ಅವನ ಕಡಿಂದ ತಗೋಬೇಕು. ನಡುವ ನಿಂತವನ್ನ ಬಿಟ್ಟು ಯಾರಿಗೂ ಆಡ್ಲಾಕ ಬರಂಗಿಲ್ಲ.” ಕೈ ಚಾಚಿ ಹೊಲದ ಆ ಅಂಚನ್ನು ತೋರಿಸಿದ. “ಮೊದ್ಲ ನಾವು ಈ ಹಬ್ಬಕ್ಕ ಅಲ್ಲಿ ನಿಂದರ್ತಿದ್ವಿ. ದೂರಿಂದ ಹಾಕ್ತಿದ್ರು. ಈಗ ಕಾಶೀನಾಥಂಗ ದಿನಾ ನನ್ನ ಕಾಲಿಂದ ಚೆಂಡು ಬೇಕು, ಆಯಿಗಿ ನನ್ನ ತಟ್ಯಾಗ ಭಜ್ಜಿ ಹಾಕಿದ್ರೇ ಸಮಾಧಾನ.”

ಈ ಜಾಗ ಅವನ ಕೈತಪ್ಪಿದರೆ ತಪ್ಪುವುದು ಬರೀ ಬೆಂಗಳೂರಿನ ಪ್ರವಾಸವಲ್ಲವೆಂದು ಆಗ ಅರಿವಾಯಿತು. “ಪುಂಡಲೀಕರೇ, ಆ ಫೋಟೊದ ವಿಷಯ...” ಎಂದೆ.

“ಬಲಗಾಲು. ಗೊತ್ತದ್ರಿ” ಎಂದ ಅವನು.

ನಾನು ನಿಂತುಬಿಟ್ಟೆ.

“ದರ್ಜಿ ಅಂಗಿ ಹೊಲಿದು ತಂದ ದಿನಾನೇ ಗೊತ್ತಾಯ್ತು. ಎದಿ ಮ್ಯಾಲಿನ ನಿಶಾನಿ ಯಾವ ಕಡಿ ಇರ್ತದ ಅಂತ ಸಾಲಿ ಮಾಸ್ತರ್‌ಗ ಗೊತ್ತಿರಂಗಿಲ್ಲೇನ್ರಿ? ಹೇಳ್ಬೇಕಂದೆ. ಆದ್ರ ಹತ್ತೂ ಮಂದಿ ಆ ಅಂಗಿ ಹಾಕ್ಕೊಂಡು ಕುಣಿಲಿಕತ್ತಿದ್ರು. ಅಷ್ಟೊತ್ತಿಗಿ ನನ್ನ ಎಡಗಾಲೂ ತಯಾರಾಗಿತ್ತು. ಫೋಟು ಸುಳ್ಳಿರಬಹುದ್ರಿ, ಕಾಲು ಖರೇನೇ ಅದ.”

“ಹಾಗಾದರೆ ಆಣೆ?”

“ಆಣಿ ನಾನೂ ಮಾಡೇನಿ. ನೀವು ಖರೆ ಇದ್ದದ್ದೇ ತೋರಸ್ರಿ. ಆದ್ರ ಆಟ ಮುಗಿದ ಮ್ಯಾಲ. ಒಂದ್ ಸಲ ಪೂರಾ ಆಡ್ತೇನಿ” ಎಂದ.

ಅವನ ದನಿಯಲ್ಲಿ ಅಳುಕಿರಲಿಲ್ಲ. ಆಟಗಾರರಲ್ಲಿ ಸೊಕ್ಕು ಕಂಡಿದ್ದೇನೆ, ಹೆದರಿಕೆಯನ್ನೂ ಕಂಡಿದ್ದೇನೆ. ಇದು ಎರಡೂ ಅಲ್ಲ. ತನ್ನ ಕೆಲಸ ತನಗೆ ಗೊತ್ತಿರುವವನ ನೆಮ್ಮದಿ ಅದು. ನನಗೂ ಸ್ವಲ್ಪ ಧೈರ್ಯ ಬಂತು.

ಪಂದ್ಯದ ದಿನ ಬೀದರಿನ ಕೋಟೆಯ ಹೊರಗಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಲ್ಕಿಯವರು ರೈಲಿನಲ್ಲಿ, ಔರಾದಿನವರು ಬಸ್ಸಿನ ಮಾಳಿಗೆಯ ಮೇಲೆ, ಚಕ್ಕಡಿಗಳಲ್ಲಿ ಬಂದಿಳಿದಿದ್ದರು. ಕೆಂಪು ಕಲ್ಲುಪುಡಿಯ ನೆಲ. ಬಿದ್ದರೆ ಮೊಣಕಾಲು ಅಲ್ಲೇ ಬಿಟ್ಟು ಏಳಬೇಕು. ನಾನು ಫೋಟೊವನ್ನು ಲಕೋಟೆಯಲ್ಲಿಟ್ಟು ಅಂಗಿಯೊಳಗೆ ಹಾಕಿಕೊಂಡು ಸೀಟಿ ಊದಿದೆ.

ಮೊದಲರ್ಧದಲ್ಲಿ ಭಾಲ್ಕಿಯದೇ ಕೈ. ಮನೋಹರ ಎಮ್ಮೆಗೆ ಔಷಧ ಹಾಕುವಷ್ಟೇ ಸಮಾಧಾನದಿಂದ ಚೆಂಡನ್ನು ಇಲ್ಲಿಂದಲ್ಲಿಗೆ ಸಾಗಿಸಿ, ದೂರದಿಂದ ಒಂದು ಗೋಲು ಹೊಡೆದ. ಔರಾದಿನ ಬಲ ಜೇಬುಗಳನ್ನು ನೋಡಿ ಭಾಲ್ಕಿಯ ಜನ “ಉಲ್ಟಾ! ಉಲ್ಟಾ!” ಎಂದು ಕೂಗಿದರು. ಪುಂಡಲೀಕ ಆ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಮೂವರ ನಡುವಿನಿಂದ ಅವನ ಎಡಗಾಲು ಚೆಂಡನ್ನು ಹೊರಗೆ ತೆಗೆಯಿತು. ಕಾಶೀನಾಥ ಓಡುತ್ತಲೇ ಇದ್ದ, ಚೆಂಡು ಅವನ ಮುಂದೆ ಬಂದು ಬಿತ್ತು, ಗೋಲಾಯಿತು. ಒಂದಕ್ಕೆ ಒಂದು. ರೆಫ್ರಿ ಕುಣಿಯಬಾರದು, ಆದ್ದರಿಂದ ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ.

ಕೊನೆಯ ಗಳಿಗೆಯಲ್ಲಿ ಇನ್ನೊಂದು ನಡೆಯಿತು. ಮನೋಹರ ಎದುರಾಳಿಯ ಎಡಗಾಲಿಗೆ ಅಡ್ಡ ನಿಂತಿದ್ದ. ಪುಂಡಲೀಕ ಚೆಂಡನ್ನು ಬಲಗಾಲಿಗೆ ಎಳೆದುಕೊಂಡು, ಆ ಹುಟ್ಟುಗಾಲಿನಿಂದ ಮುಂದಕ್ಕೆ ಕಳುಹಿಸಿದ. ಮನೋಹರ ಬೆಪ್ಪಾದ. ಭಾಲ್ಕಿಯವರು ಬೆಪ್ಪಾದರು. ಕೆಟ್ಟದ್ದೇನೆಂದರೆ ಔರಾದಿನವರೂ ಬೆಪ್ಪಾದರು. ಅವನ ಬಲಗಾಲಿನಿಂದ ಚೆಂಡು ಬರುತ್ತದೆಂದು ಯಾರೂ ಕಾದಿರಲಿಲ್ಲ. ಖಾಲಿ ಗೋಲಿನ ಪಕ್ಕದಿಂದ ಅದು ಉರುಳಿ ಹೊರಗೆ ಹೋಯಿತು. ಕಾಶೀನಾಥ ತಲೆ ಚಚ್ಚಿಕೊಂಡ. ನಾನು ಕೊನೆಯ ಸೀಟಿ ಊದಿದೆ. ಮೂರನೆಯ ಸಲವೂ ಸಮ.

ಜನರೆಲ್ಲ ಮೈದಾನದ ನಡುವಿಗೆ ನುಗ್ಗಿದರು. ಬಸವಂತರಾಯರು ಕುರ್ಚಿ ತರಿಸಿ ನನ್ನನ್ನು ಅದರ ಮೇಲೆ ಹತ್ತಿಸಿದರು. ಪುಂಡಲೀಕನ ಕಡೆ ನೋಡಿದೆ. ಅವನು ತಲೆಯಾಡಿಸಿದ. ಲಕೋಟೆ ತೆಗೆದು ಫೋಟೊ ಎತ್ತಿ ಹಿಡಿದೆ, ಹಿಂಬದಿಯ ಮುದ್ರೆಯನ್ನೂ ತೋರಿಸಿದೆ. ಹಿಲಾರಿಯೊ ಬಲಗಾಲೆತ್ತಿ, ಎದೆಯ ಎಡಗಡೆ ಬಿಲ್ಲೆ ಧರಿಸಿ, ಮನೆಯಲ್ಲಿ ಚಹಾ ಕುಡಿಯುವವನ ಮುಖ ಹೊತ್ತು ಎಲ್ಲರನ್ನೂ ನೋಡಿದ.

ಭಾಲ್ಕಿಯ ಕಡೆ ಪಟಾಕಿ ಹಾರಿತು. ಔರಾದಿನವರು ತಮ್ಮತಮ್ಮ ಅಂಗಿ ನೋಡಿಕೊಂಡರು. ಕಾಶೀನಾಥ ತನ್ನ ಅಂಗಿಯ ಜೇಬಿನ ಮೇಲೆ ಕೈ ಮುಚ್ಚಿಕೊಂಡ. ಯಾರೋ ಮನೋಹರನಿಗೆ ಹಾರ ಹಾಕಿದರು. ಮೊದಲು ಚಪ್ಪಾಳೆ ತಟ್ಟಿದವನು ಪುಂಡಲೀಕ. ಅದನ್ನು ನೋಡಲಾಗದೆ ನಾನು ಕುರ್ಚಿಯಿಂದ ಇಳಿದೆ.

ನಾನು ಇಳಿದ ಕುರ್ಚಿಯನ್ನು ಮನೋಹರ ಹತ್ತಿದ.

“ಭಾಲ್ಕಿ ಮಂದಿ ಜರಾ ಸುಮ್ನಿರ್ರಿ” ಎಂದ. ಪಟಾಕಿ ನಿಂತಿತು. “ಫೋಟು ಗೆದ್ದದ, ಖರೆ. ಆದ್ರ ನಾ ಹುಟ್ಟಾ ಬಲಗಾಲಿನವ. ಇದ್ದ ಕಾಲಿಂದ ಆಡ್ಲಿಕತ್ತೀನಿ. ಮಾಸ್ತರ್ ಇಲ್ಲದ ಕಾಲು ತಯಾರ್ ಮಾಡ್ಕೊಂಡಾರ. ಬಲಗಾಲಿನವ್ರು ಬೆಂಗಳೂರಾಗ ಗಲ್ಲಿಗೊಬ್ರು ಅದಾರಂತ, ನಮ್ಮದೇನ್ ಹೊಸಾದು ನೋಡ್ತಾರ ಅವ್ರು? ನಡುವ ಮಾಸ್ತರ್ ನಿಂದರ್ಲಿ. ನಾ ಅವ್ರ ಬಲಕ್ಕ ನಿಂದರ್ತೇನಿ.”

“ಬೆಂಗಳೂರಾಗ ನಗ್ತಾರೋ, ಮನೋಹರಾ!” ಎಂದು ಭಾಲ್ಕಿಯ ಒಬ್ಬ ಹಿರಿಯರು ಕೂಗಿದರು. “ಸುಳ್ಳ ಫೋಟು ನೋಡಿ ಕಲ್ತವ್ರು ಅಂತಾರ.”

“ನಗ್ಲಿ ಬಿಡು, ಕಾಕಾ” ಎಂದ ಮನೋಹರ. “ಅವ್ರು ನಗೋದ್ರಾಗ ಚೆಂಡು ಹೋಗಿರ್ತದ.”

ಆ ಹಿರಿಯರೇ ಮೊದಲು ನಕ್ಕರು, ಅವರ ಹಿಂದೆ ಇಡೀ ಬಯಲು ನಕ್ಕಿತು. ಆಣೆಯ ಗತಿ ಏನೆಂದು ನಾನು ವಕೀಲರನ್ನು ಕೇಳಿದೆ. “ಎರಡೂ ಕಡ್ಯಾವ್ರು ಕೂಡಿ ಮಾಡಿದ್ದು, ಎರಡೂ ಕಡ್ಯಾವ್ರು ಕೂಡಿ ಬಿಟ್ರ ಮುಗೀತ್ರಿ” ಎಂದು ಮಫ್ಲರಿನಲ್ಲಿ ಮುಖ ಒರೆಸಿಕೊಂಡರು. ವಕೀಲರ ಕಣ್ಣುಗಳು ಒದ್ದೆಯಾಗಿದ್ದವು. ನನ್ನವೂ ಒಣಗಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮನೋಹರ ತನ್ನ ಹಾರ ತೆಗೆದು ಪುಂಡಲೀಕನ ಕೊರಳಿಗೆ ಹಾಕಿದ. ಅವನು ಅದನ್ನು ಕಿತ್ತು ಇಬ್ಬರಿಗೂ ಅರ್ಧರ್ಧ ಮಾಡಿದ.

ಬೆಳಕು ಇರುವಾಗಲೇ ಪುಂಡಲೀಕನ ಒಂದು ಫೋಟೊ ತೆಗೆದೆ, ಚೆಂಡು ಒದೆಯುವಾಗ. ಜಿಲ್ಲೆಯ ತಂಡಕ್ಕೆ ಹೊಸ ಅಂಗಿ ಹೊಲಿಸುತ್ತಾರಂತೆ, ಈ ಹಳೆಯದನ್ನು ಬಿಚ್ಚಿ ಬೇರೆ ಹಾಕಿಕೊಳ್ಳುತ್ತೀರಾ ಎಂದು ಕೇಳಿದೆ. “ಯಾಕ್ರಿ? ಇದ್ರಾಗೇ ತೆಗೀರಿ” ಎಂದ. ಅಸಲು ಫೋಟೊವನ್ನು ಬೀದರಿನಲ್ಲೇ ಬಿಟ್ಟುಬಂದೆ. ಕ್ಷೌರದ ಅಂಗಡಿಯವನು ಅದನ್ನು ಎರಡರ ನಡುವೆ ತೂಗುಹಾಕುತ್ತೇನೆಂದು ಇಸಿದುಕೊಂಡ.

ಮರಳುವ ಗಾಡಿ ಬೀದರ್ ಬಿಟ್ಟಾಗ ಬಸವಂತರಾಯರ ಮನೆಯ ರೊಟ್ಟಿಯ ಗಂಟು ನನ್ನ ತೊಡೆಯ ಮೇಲಿತ್ತು. ವಿಕಾರಾಬಾದಿನಲ್ಲಿ, ವಾಡಿಯಲ್ಲಿ, ಗುಂತಕಲ್ಲಿನಲ್ಲಿ ಅದನ್ನೇ ತಿಂದೆ. ಹೋಗುವಾಗ ದೂರವೆನಿಸಿದ್ದ ದಾರಿ ಬರುವಾಗ ಅಷ್ಟು ದೂರವೆನಿಸಲಿಲ್ಲ.

ಕಚೇರಿ ತಲುಪಿದ ದಿನವೇ ಆಟದ ಪುಟದ ಮೇಲ್ಭಾಗವನ್ನು ಪುಂಡಲೀಕನಿಗೆ ತೆಗೆದಿರಿಸಿದೆ. ಸಂಜೆ ಬ್ಲಾಕ್ ವಿಭಾಗದ ಫೋರ್ಮನ್ ನೆಗೆಟಿವ್ ಹಿಡಿದುಕೊಂಡು ಬಂದರು. ಮೂವತ್ತು ವರ್ಷದಿಂದ ಆ ಕೆಲಸ ಮಾಡುತ್ತಿರುವ, ಬಲು ಜಾಗರೂಕ ಮನುಷ್ಯ.

“ಇದು ಉಲ್ಟಾ ಆಗಿದೆ ಸಾರ್. ಜೇಬು ನೋಡಿ, ಬಲಗಡೆ ಬಂದಿದೆ. ತಿರುಗಿಸಿ ಸರಿಮಾಡ್ತೀನಿ.”

“ತಿರುಗಿಸಬೇಡಿ” ಎಂದೆ. “ಅವರು ಇರೋದೇ ಹಾಗೆ.”

ಅವರು ನೆಗೆಟಿವನ್ನು ದೀಪಕ್ಕೆ ಹಿಡಿದು ಮತ್ತೊಮ್ಮೆ ನೋಡಿದರು. “ಹೀಗೇ ಹಾಕಿದ್ರೆ ಬೆಂಗಳೂರಲ್ಲಿ ನಗ್ತಾರಲ್ಲ ಸಾರ್.”

“ನಗಲಿ ಬಿಡಿ. ಅವರು ನಗೋದ್ರೊಳಗೆ ಚೆಂಡು ಹೋಗಿರುತ್ತೆ.”